ಷಡ್ಜ ಎಲ್ಲಿಡಬೇಕು?

ಕಳೆದ ರಜೆಯಲ್ಲಿ ಖಟಕ ಚಿಂಚೋಳಿಯ ಮನೆಯಲ್ಲಿ ಕೂತು ಸಂಶೋಧನೆಯ ಬಗ್ಗೆ ಫೋನಿನಲ್ಲಿ ಮಾತಾಡುತ್ತಿದ್ದೆ. ಮುಗಿಸಿ ಹೊರಬಂದಾಗ ಅವ್ವ ಕೇಳಿದಳು: "ಒಳಗ ಯಾರ್ ಬಂದಿದ್ರಪ್ಪ?" ನಾನೇ ಮಾತಾಡುತ್ತಿದ್ದೆ ಎಂದೆ. ಅವಳು ನಗಲಿಲ್ಲ.

ಎಂ.ಎ. ಓದುವಾಗ ಒಂದು ವಿಚಾರ ಸಂಕಿರಣದಲ್ಲಿ ನನ್ನ ಬಾಯಿಂದ "ಖರೆ" ಬಂದದ್ದಕ್ಕೆ ಸಭೆ ನಕ್ಕಿತ್ತು. ಅಂದಿನಿಂದ ಬೀದರ ಕಡೆಯ ಕನ್ನಡವನ್ನು ಊರಲ್ಲೇ ಬಿಟ್ಟು ಹೋಗುವುದು ರೂಢಿಯಾಯಿತು. ಇದು ಬೆಳವಣಿಗೆಯೋ, ವಂಚನೆಯೋ? ಹುಟ್ಟಿನಿಂದ ಬಂದ ದನಿಯೊಂದೇ ನಿಜವೇ?

ಈ ಪ್ರಶ್ನೆಯ ಜೊತೆ ನನಗೆ ನೆನಪಾಗುವವರು ಗಂಗೂಬಾಯಿ ಹಾನಗಲ್ (1913–2009). 1930ರ ದಶಕದ ಅವರ ಧ್ವನಿಮುದ್ರಿಕೆಗಳಲ್ಲಿ ಕೇಳುವುದು ಸಪೂರವಾದ, ಎತ್ತರದ ಹೆಣ್ಣುದನಿ. 1940ರ ದಶಕದಲ್ಲಿ ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ಅದು ತಗ್ಗಿ, ದಪ್ಪಗಾಯಿತು. ಮೊದಲ ಸಲ ಕೇಳುವವರು ಗಂಡಸು ಹಾಡುತ್ತಿದ್ದಾನೆ ಎಂದುಕೊಳ್ಳುವುದು ಈಗಲೂ ಉಂಟು.

ಪಾಶ್ಚಾತ್ಯ ಒಪೆರಾದಲ್ಲಿ ಬಹುಮಟ್ಟಿಗೆ ದನಿಯ ಎತ್ತರವೇ ಪಾತ್ರವನ್ನು ನಿರ್ಧರಿಸುತ್ತದೆ. ಮೊಜಾರ್ಟನ 'ಮಾಯಾ ಕೊಳಲು' ಒಪೆರಾದಲ್ಲಿ ರಾಜಕುಮಾರನ ಪಾತ್ರ ಎತ್ತರದ ಟೆನರ್ ದನಿಗೆ. ಹಕ್ಕಿ ಹಿಡಿಯುವವನ ಪಾತ್ರ ಅದಕ್ಕಿಂತ ತಗ್ಗಿನ ಬ್ಯಾರಿಟೋನ್‌ಗೆ. 1975ರಲ್ಲಿ ಬರ್ಗ್‌ಮನ್ ಅದನ್ನು ಸಿನಿಮಾ ಮಾಡಿದಾಗ ಸ್ವೀಡನ್ನಿನ ಬ್ಯಾರಿಟೋನ್ ಹೋಕನ್ ಹಾಗೆಗೋರ್ಡ್ ಹಕ್ಕಿ ಹಿಡಿಯುವವನಾದರು. ಅಲ್ಲಿ ದನಿ ಬದಲಾದರೆ ಪಾತ್ರವೂ ಕೈತಪ್ಪಬಹುದು.

ನಮ್ಮ ಖಯಾಲಿನಲ್ಲಿ ಹಾಗಿಲ್ಲ. ಗಾಯಕ ತನ್ನ ಗಂಟಲಿಗೆ ಒಗ್ಗುವ ಕಡೆ ಷಡ್ಜವಿಟ್ಟು ತಂಬೂರಿ ಶ್ರುತಿ ಮಾಡಿಕೊಳ್ಳುತ್ತಾನೆ. ರಾಗ ಇರುವುದು ಸ್ವರಗಳ ಎತ್ತರದಲ್ಲಲ್ಲ, ಸ್ವರಕ್ಕೂ ಸ್ವರಕ್ಕೂ ಇರುವ ಸಂಬಂಧದಲ್ಲಿ, ಅವುಗಳ ನಡೆಯಲ್ಲಿ. ಗಂಗೂಬಾಯಿಯವರು ಹಳೆಯ ದನಿಯನ್ನು ನಟಿಸಲಿಲ್ಲ. ಹೊಸ ಗಂಟಲಿಗೆ ತಕ್ಕ ಕಡೆ ಷಡ್ಜವಿಟ್ಟರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಿಂದ ಕಲಿತ ವಿದ್ಯೆ ಹಾಗೇ ಉಳಿಯಿತು. ಆ ಗುರುವೂ ಒಂದು ಕಾಲಕ್ಕೆ ಮರಾಠಿ ರಂಗಭೂಮಿಯಲ್ಲಿ ಹೆಣ್ಣುಪಾತ್ರಗಳಿಗೆ ಹೆಸರಾದವರು. ಹುಟ್ಟಿನ ದನಿಯೊಂದೇ ನಿಜವೆಂದರೆ, ಗಂಗೂಬಾಯಿಯವರ ಮುಂದಿನ ಅರ್ಧ ಶತಮಾನಕ್ಕೂ ಮಿಕ್ಕಿದ ಗಾಯನವನ್ನೆಲ್ಲ ಸುಳ್ಳೆನ್ನಬೇಕಾಗುತ್ತದೆ.

ಆದರೆ ಈ ಸಮಾಧಾನ ನನಗೆ ಅಷ್ಟು ಸುಲಭವಾಗಿ ದಕ್ಕುವುದಿಲ್ಲ. ಅವರ ದನಿ ಬದಲಾದದ್ದು ಅವರ ಇಚ್ಛೆಯಿಂದಲ್ಲ. ನನ್ನದನ್ನು ಬದಲಿಸಿದವನು ನಾನೇ, ಅದೂ ನಾಚಿಕೆಯಿಂದ. ಅವರು ಬದಲಾದ ದನಿಯನ್ನು ಸಭೆಯ ಮುಂದಿಟ್ಟರು. ನಾನು ಮೊದಲಿನದನ್ನು ಸಭೆಯಿಂದ ಬಚ್ಚಿಟ್ಟೆ. ತಪ್ಪು ಬದಲಾವಣೆಯಲ್ಲಿಲ್ಲ, ಬಚ್ಚಿಡುವುದರಲ್ಲಿದೆ. ಶಿಷ್ಟ ಕನ್ನಡವನ್ನೂ ನಾನು ದುಡಿದೇ ಗಳಿಸಿದ್ದೇನೆ, ಅದೂ ನನ್ನದೇ. ಆದರೆ ಇನ್ನೊಂದನ್ನು ಮುಚ್ಚುವ ಹೊದಿಕೆಯಾದರೆ ಅದು ನನ್ನದಾಗಿ ಉಳಿಯದು.

ಬರುವ ತಿಂಗಳು ವಿಭಾಗದಲ್ಲಿ ನನ್ನ ಪ್ರಬಂಧ ಮಂಡನೆಯಿದೆ. ಶಿಷ್ಟ ಕನ್ನಡದಲ್ಲೇ ಓದುತ್ತೇನೆ. ಪ್ರಶ್ನೆಗಳಿಗೆ ಉತ್ತರಿಸುವಾಗ "ಖರೆ" ಬಂದರೆ ನುಂಗುವುದಿಲ್ಲ. ಯಾರಾದರೂ ನಕ್ಕರೆ ತಡೆದುಕೊಳ್ಳುವುದು ನನಗಿನ್ನೂ ಕಷ್ಟವೇ. ಅವ್ವನಿಗೆ ನನ್ನ ದನಿ ಗುರುತು ಸಿಗದಿರುವುದು ಅದಕ್ಕಿಂತ ಕಷ್ಟ.