ರೋಗಿಯ ಉತ್ತರವೂ ಸತ್ಯಾಣುವ್ರತವೂ

ಸತ್ಯಾಣುವ್ರತವು ಮಾತನಾಡುವವನಿಗೆ ಮಾತ್ರ ಸಂಬಂಧಿಸಿದ್ದೆಂದು ಸಾಮಾನ್ಯ ತಿಳಿವಳಿಕೆ. ಪ್ರಶ್ನೆ ಕೇಳುವವನಿಗೂ, ಉತ್ತರವನ್ನು ಬರೆದುಕೊಳ್ಳುವವನಿಗೂ, ಒಂದು ಭಾಷೆಯ ಮಾತನ್ನು ಇನ್ನೊಂದಕ್ಕೆ ತರುವವನಿಗೂ ಅದು ಅನ್ವಯಿಸುವುದೇ? ಆಸ್ಪತ್ರೆಗಳಲ್ಲಿ ರೋಗಿಯ ಮುಂದಿಡುವ ಪ್ರಶ್ನಾವಳಿಗಳು ಈ ವಿಚಾರವನ್ನು ಎಬ್ಬಿಸುತ್ತವೆ.

ರಕ್ತವನ್ನು ಪರೀಕ್ಷಿಸಬಹುದು, ಗಡ್ಡೆಯನ್ನು ಅಳೆಯಬಹುದು. ನೋವು, ದಣಿವು, ನಿದ್ರಾಹೀನತೆಗಳನ್ನು ಮಾತ್ರ ರೋಗಿಯೇ ಹೇಳಬೇಕು. ಅಸಾತಾವೇದನೀಯದ ಉದಯವನ್ನು ಅನುಭವಿಸುವ ಜೀವವೇ ಅದನ್ನು ಬಲ್ಲದು. ಇದಕ್ಕಾಗಿಯೇ ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಾದ ಇ.ಓ.ಆರ್.ಟಿ.ಸಿ. ರೂಪಿಸಿದ 30 ಪ್ರಶ್ನೆಗಳ ಪ್ರಶ್ನಾವಳಿಯು 1993ರಲ್ಲಿ ಪ್ರಕಟವಾಯಿತು. ಅದರ 28 ಪ್ರಶ್ನೆಗಳಿಗೆ ‘ಇಲ್ಲವೇ ಇಲ್ಲ’ ಎಂಬುದರಿಂದ ‘ಬಹಳ’ ಎಂಬುದರವರೆಗೆ ನಾಲ್ಕು ಉತ್ತರಗಳಿವೆ. ಅದು ಕನ್ನಡದಲ್ಲಿಯೂ ಲಭ್ಯವಿದೆ.

ಇಂತಹ ಅನುವಾದದ ಕ್ರಮ ಕಟ್ಟುನಿಟ್ಟಾದುದು. ಇಬ್ಬರು ಬೇರೆಬೇರೆಯಾಗಿ ಅನುವಾದಿಸುತ್ತಾರೆ. ಎರಡನ್ನೂ ಹೋಲಿಸಿ ಒಂದು ಪಾಠವನ್ನು ಸಿದ್ಧಪಡಿಸಲಾಗುತ್ತದೆ. ಬೇರೆ ಇಬ್ಬರು ಅದನ್ನು ಮರಳಿ ಇಂಗ್ಲಿಷಿಗೆ ತರುತ್ತಾರೆ. ಕೊನೆಗೆ 10ರಿಂದ 15 ರೋಗಿಗಳಿಗೆ ಅದನ್ನು ಕೊಟ್ಟು, ಯಾವ ಮಾತು ತಿಳಿಯಲಿಲ್ಲ, ಯಾವುದು ಮನಸ್ಸನ್ನು ನೋಯಿಸಿತು ಎಂದು ವಿಚಾರಿಸಲಾಗುತ್ತದೆ. ಈ ಕೊನೆಯ ಹೆಜ್ಜೆಯೇ ಧರ್ಮದೃಷ್ಟಿಯಿಂದ ಮುಖ್ಯವಾದುದು.

ಅಫಜಲಪುರ ತಾಲ್ಲೂಕಿನ ಅತನೂರಿನ ವೃದ್ಧೆಯೊಬ್ಬಳು ಈ ಪ್ರಶ್ನಾವಳಿಯ ಮುಂದೆ ಕುಳಿತಿರುವಳೆಂದು ಭಾವಿಸೋಣ. ಮೂಲದ ಮೊದಲ ಪ್ರಶ್ನೆಯೇ ಭಾರವಾದ ಪೇಟೆಯ ಚೀಲವನ್ನೋ ಸೂಟ್‌ಕೇಸನ್ನೋ ಹೊರುವ ಶ್ರಮವನ್ನು ಕುರಿತದ್ದು. ಆಕೆ ಬಲ್ಲ ಭಾರ ನೀರಿನ ಕೊಡದ್ದು, ತೊಗರಿಕಟ್ಟಿಗೆಯ ಹೊರೆಯದು. ಸೂಟ್‌ಕೇಸನ್ನು ಎಂದೂ ಹೊರದವಳು ತೊಂದರೆಯೇನೂ ‘ಇಲ್ಲ’ ಎಂದರೆ ಆ ಉತ್ತರ ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಮನಸ್ಸಿನ ಸ್ಥಿತಿಯನ್ನು ಕೇಳುವಾಗ ‘ಖಿನ್ನತೆ’ ಎಂದು ಬರೆದರೆ ಮರು ಅನುವಾದದಲ್ಲಿ ಇಂಗ್ಲಿಷ್ ಪದವು ಕೊರತೆಯಿಲ್ಲದೆ ಹಿಂದಿರುಗುತ್ತದೆ. ಪಂಡಿತರಿಗೆ ಸಮಾಧಾನ, ಆಕೆಗೆ ಮಾತ್ರ ಪ್ರಶ್ನೆಯೇ ತಲುಪಿರುವುದಿಲ್ಲ. ‘ಬ್ಯಾಸರ’ ಎಂದರೆ ತಲುಪುತ್ತದೆ. ಆದರೆ ಆ ಪದದಲ್ಲಿ ದುಃಖ, ದಣಿವು, ಜಿಗುಪ್ಸೆ ಮೂರೂ ಬೆರೆತಿವೆ. ಇದೇ ಸೀಮೆಯ ಮಳಖೇಡದಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದ ‘ಕವಿರಾಜಮಾರ್ಗ’ವು ಕನ್ನಡದೊಳಗೆ ಹಲವು ಕನ್ನಡಗಳಿರುವುದನ್ನು 9ನೆಯ ಶತಮಾನದಲ್ಲಿಯೇ ಗುರುತಿಸಿತ್ತು.

ಇಲ್ಲಿ ಯಾರಿಗೂ ವಂಚಿಸುವ ಉದ್ದೇಶವಿಲ್ಲ. ಹಾಗಿದ್ದರೆ ಅಸತ್ಯವೆಲ್ಲಿ ಎಂದು ಕೇಳಬಹುದು. ಜಿನಾಗಮವು ಉದ್ದೇಶವನ್ನು ಮಾತ್ರವಲ್ಲ, ಪ್ರಮಾದವನ್ನೂ ದೋಷಕ್ಕೆ ಕಾರಣವೆಂದು ಎಣಿಸುತ್ತದೆ. ಪರೀಕ್ಷಿಸಬಹುದಾಗಿದ್ದನ್ನು ಪರೀಕ್ಷಿಸದೆ ಬಿಡುವುದು ಪ್ರಮಾದ. ಆ ಉತ್ತರವನ್ನು ನಂಬಿ ನೋವಿನ ಔಷಧವನ್ನು ಕಡಿಮೆ ಮಾಡಿದರೆ ಅಸತ್ಯವು ಹಿಂಸೆಯಾಗಿ ಪರಿಣಮಿಸುತ್ತದೆ. ಇದಕ್ಕೆ ಪ್ರತಿಯಾಗಿ, ಕರುಣೆಯಿಂದಲೇ ಆದರೂ ಸ್ವಯಂಸೇವಕನೊಬ್ಬನು ತನಗೆ ತೋಚಿದಂತೆ ‘ಸೂಟ್‌ಕೇಸ್’ ತೆಗೆದು ‘ಕೊಡ’ ಎಂದು ಓದಿದರೆ, ಆ ಉತ್ತರವನ್ನು ಇತರರ ಉತ್ತರಗಳೊಡನೆ ತೂಗಲಾಗದು. ಬದಲಾವಣೆಯನ್ನು ಮೂಲ ಸಂಸ್ಥೆಗೆ ತಿಳಿಸಿ, ಒಪ್ಪಿಗೆ ಪಡೆದು, ಮತ್ತೆ ರೋಗಿಗಳಲ್ಲಿ ಪರೀಕ್ಷಿಸಬೇಕು. ದಯೆಗೂ ವಿವೇಕದ ಕಾವಲು ಬೇಕು.

ಮಗ, ಸೊಸೆಯರ ಎದುರಿನಲ್ಲಿ ಕೇಳಿದಾಗ ಆ ತಾಯಿ “ಏನಿಲ್ರಿ, ಆರಾಮ ಇದ್ದೀನ್ರಿ” ಎಂದಾಳು. ಮನೆಯವರಿಗೆ ಭಾರವಾಗಬಾರದೆಂಬುದು ಆಕೆಯ ಆಸೆ. ಅದನ್ನು ಅಸತ್ಯವೆಂದು ದೂಷಿಸುವುದಕ್ಕಿಂತ ಏಕಾಂತದಲ್ಲಿ ಕೇಳದಿರುವುದೇ ದೊಡ್ಡ ತಪ್ಪು. ಒಬ್ಬರ ಗುಟ್ಟನ್ನು ಹೊರಗೆಡಹುವುದನ್ನು ಆಚಾರ್ಯರು ಸತ್ಯವ್ರತದ ಅತಿಚಾರಗಳಲ್ಲಿ ಸೇರಿಸಿರುವುದನ್ನು ಇಲ್ಲಿ ನೆನೆಯಬೇಕು.

ಸಮವಸರಣದಲ್ಲಿ ಜಿನೇಂದ್ರನ ದಿವ್ಯಧ್ವನಿಯು ಪ್ರತಿಯೊಂದು ಜೀವಕ್ಕೂ ಅದರದರ ಭಾಷೆಯಲ್ಲಿಯೇ ಕೇಳಿಸಿತೆಂಬುದು ಪರಂಪರೆ. ಮನುಷ್ಯನ ಮಾತಿಗೆ ಆ ಶಕ್ತಿಯಿಲ್ಲ. ಅದು ತಲುಪಿತೇ ಎಂದು ವಿಚಾರಿಸಿ ತಿಳಿಯಬೇಕು. ಔಷಧದಾನ ಮಾಡುವ, ಆರೋಗ್ಯ ಶಿಬಿರ ನಡೆಸುವ ಬಸದಿಗಳ ಟ್ರಸ್ಟುಗಳು ರೋಗಿಯ ಪಕ್ಕದಲ್ಲಿ ಆ ಊರಿನ ನುಡಿ ಬಲ್ಲ, ಉತ್ತರವನ್ನು ತಾವೇ ಸೂಚಿಸದ, ಕೇಳಿದ್ದನ್ನು ಹೊರಗೆ ಆಡದ ಒಬ್ಬರನ್ನು ಕೂಡಿಸಲಿ. ತಾಳ್ಮೆಯಿಂದ ಕೇಳಿಸಿಕೊಳ್ಳುವುದೂ ಒಂದು ದಾನವೇ.