ವಾದ ಗೆದ್ದು ನೆರೆಯವನನ್ನು ಕಳಕೊಂಡ್ರೆ?

ಇವತ್ತಿನ ವಾಕ್ಯಭಾಗ 1 ಪೇತ್ರ 3ನೇ ಅಧ್ಯಾಯ, 15 ಮತ್ತು 16ನೇ ವಚನ. ಫೋನಿನಾಗ ತೆಗೆದ್ರೂ ನಡೀತದ.

ಪೇತ್ರನು ಇಲ್ಲಿ ಎರಡು ಕೆಲಸ ಹೇಳ್ತಾನೆ. ನಂಬಿಕೆಯ ಬಗ್ಗೆ ಕೇಳಿದವರಿಗೆ ಉತ್ತರ ಕೊಡು; ಅದನ್ನು ಸೌಮ್ಯವಾಗಿ ಕೊಡು. ನಾವು ಮೊದಲನೇದಕ್ಕಷ್ಟೇ ಗೆರೆ ಎಳೀತೀವಿ.

ಯೌವನಸ್ಥರು ನನ್ನನ್ನ ಕೇಳ್ತಾರೆ: "ಪಾಸ್ಟರ್, ಯೂಟ್ಯೂಬ್ ಲೈವ್‌ನಲ್ಲಿ, ವಾಟ್ಸಾಪ್ ಗ್ರೂಪಿನಲ್ಲಿ ಮುಸ್ಲಿಮರ ಜೊತೆ ವಾದ ಮಾಡೋದು ಸೇವೆ ಅಲ್ವಾ?" ಆಗಬಹುದು. ಆದ್ರೆ ಮೂರು ಪ್ರಶ್ನೆ ಕೇಳ್ಕೊಳ್ರಿ.

ಒಂದು: ನಾನು ಹೇಳೋದು ನಿಜವಾ? ವಿಮೋಚನಕಾಂಡ 20:16ರ ಆಜ್ಞೆ ಫಾರ್ವರ್ಡ್ ಮೆಸೇಜಿಗೂ ಸಲ್ಲುತ್ತದೆ. "ಮುಸ್ಲಿಮರಿಗೆ ಯೇಸು ಅಂದ್ರೆ ಆಗೋದಿಲ್ಲ" ಅಂತ ಬರೀತೀರಿ. ಕುರಾನಿನ 19ನೇ ಅಧ್ಯಾಯದ ಹೆಸರೇ ಮರ್ಯಮ್. ಅವರು ಈಸಾ ಅವರನ್ನು ಪ್ರವಾದಿ ಅಂತ, ಮಸೀಹ ಅಂತ ಗೌರವಿಸ್ತಾರೆ. "ಅಲ್ಲಾಹ್ ಬೇರೆ ದೇವರ ಹೆಸರು" ಅಂತೀರಿ. ಅರಬ್ಬಿ ಮಾತಾಡೋ ಕ್ರೈಸ್ತರ ಬೈಬಲಿನಲ್ಲೂ ದೇವರಿಗೆ ಅದೇ ಪದ. ಹಾಗಾದ್ರೆ ವ್ಯತ್ಯಾಸ ಇಲ್ವಾ? ಐತಿ, ದೊಡ್ಡದೇ ಐತಿ. ಯೇಸು ದೇವಕುಮಾರನು, ಶಿಲುಬೆಯಲ್ಲಿ ಸತ್ತನು ಅನ್ನೋದನ್ನ ಅವರು ಒಪ್ಪೋದಿಲ್ಲ. ಅಲ್ಲಿ ಮಾತಾಡ್ರಿ. ಸುಳ್ಳಿನ ಮೇಲೆ ಸುವಾರ್ತೆ ಕಟ್ಟಬ್ಯಾಡ್ರಿ. ನಮ್ಮ ಸಭೆಗಳ ಬಗ್ಗೆ ಸುಳ್ಳು ಹರಡಿದಾಗ ಎಷ್ಟು ನೋವಾಗ್ತದೆ ಅಂತ ನಮಗೆ ಗೊತ್ತಲ್ರಿ?

ಎರಡು: ನಾನು ಯಾರ ಜೊತೆ ಮಾತಾಡ್ತಿದೀನಿ? ಲೈವ್‌ನಲ್ಲಿ ನೂರು ಜನ ನಮ್ಮವರು ನೋಡ್ತಿದ್ರೆ, ಮಾತು ಎದುರಿನವನಿಗಲ್ಲ, ಆ ನೂರು ಜನರ ಚಪ್ಪಾಳೆಗೆ. ಯೋಹಾನ 4 ನೋಡ್ರಿ. ಶಿಷ್ಯರು ಊರೊಳಗೆ ಹೋಗಿದ್ದಾಗ ಯೇಸು ಸಮಾರ್ಯದ ಹೆಂಗಸಿನ ಹತ್ತಿರ ಮಾತಾಡಿದನು. ಮೊದಲು ನೀರು ಕೇಳಿದನು. ಆಮೇಲೆ ಆರಾಧನೆಯ ಭೇದವನ್ನೂ ಮುಚ್ಚಿಡಲಿಲ್ಲ.

ಮೂರು: ಬೆಲೆ ಯಾರು ಕಟ್ತಾರೆ? 2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿಯಲ್ಲಿ ಒಂದು ವಾಟ್ಸಾಪ್ ಸ್ಟೇಟಸ್ಸಿನಿಂದ ಪೊಲೀಸ್ ಠಾಣೆಗೆ ಕಲ್ಲು ಬಿದ್ದವು. ಪೊಲೀಸರಿಗೆ ಗಾಯ, ಎಷ್ಟೋ ಮನೆಗಳ ಹುಡುಗರು ಜೈಲಿಗೆ. ನೀವು ಬೆಂಗಳೂರಿನ ಪಿಜಿಯಲ್ಲಿ ಕೂತು ಹಾಕಿದ ಮಾತಿನ ಬೆಲೆಯನ್ನ, ಸೊರಟೂರಿನಂಥ ಊರಾಗ ಅವರ ಓಣಿಯಲ್ಲೇ ಬಾಳುವೆ ಮಾಡೋ ನಿಮ್ಮ ಅವ್ವ ಕಟ್ಟಬೇಕಾಗ್ತದೆ.

"ಅಂದ್ರೆ ಬಾಯಿ ಮುಚ್ಚಿಕೊಂಡಿರಬೇಕಾ?" ಇಲ್ಲ. ಯೇಸುವೇ ಮಾರ್ಗ ಅಂತ ನಾನು ನಂಬ್ತೀನಿ, ಸಾರ್ತೀನಿ. ಎಲ್ಲಾ ಒಂದೇ ಅಂತ ಹೇಳಿ ನಯ ಮಾಡೋದೂ ಒಂದು ಥರ ಸುಳ್ಳೇ. ಆದ್ರೆ ನಮ್ಮ ಭಾಗದ ಶಿಶುವಿನಹಾಳದ ಶರೀಫರನ್ನ ನೆನೆಸ್ರಿ. 1819ರಲ್ಲಿ ಹುಟ್ಟಿದ ಆ ಮುಸ್ಲಿಮರು ಕಳಸದ ಬ್ರಾಹ್ಮಣ ಗೋವಿಂದ ಭಟ್ಟರ ಶಿಷ್ಯರಾದ್ರು. ಅವರ ದಾರಿ ನಮ್ಮದಲ್ಲ. ಆದ್ರೂ ಒಬ್ಬರ ಹತ್ತಿರ ಒಬ್ಬರು ಕೂತು ಕೇಳೋ ತಾಳ್ಮೆ ಈ ಮಣ್ಣಿಗೆ ಹೊಸದಲ್ಲ. ಪವಿತ್ರಾತ್ಮನನ್ನು ಹೊಂದಿದ ನಮಗೆ ಅಷ್ಟೂ ತಾಳ್ಮೆ ಇಲ್ಲದಿದ್ರೆ ಹೆಂಗ್ರಿ?

ಈ ವಾರ ಒಂದು ಕೆಲಸ ಮಾಡ್ರಿ. ಗ್ರೂಪಿನಲ್ಲಿ ವಾದ ಮಾಡಿದ ಗೆಳೆಯನಿಗೆ ಫೋನ್ ಹಚ್ರಿ, ಚಹಾಕ್ಕೆ ಕರೀರಿ. "ನೀನು ಏನು ನಂಬ್ತೀ, ಯಾಕೆ ನಂಬ್ತೀ?" ಅಂತ ಕೇಳಿ, ಮುಗಿಯೋತನಕ ಕೇಳಿಸಿಕೊಳ್ರಿ. ನಿಮ್ಮ ಸರದಿ ಬಂದಾಗ ನಿಮ್ಮ ಸಾಕ್ಷಿ ಹೇಳ್ರಿ. ಅವನು ಒಪ್ಪದೇ ಎದ್ದು ಹೋಗಬಹುದು. ಹೃದಯ ತೆರೆಯೋದು ಕರ್ತನ ಕೆಲಸ; ನಮ್ಮ ಪಾಲಿಗೆ ಬಂದಿರೋದು ಸತ್ಯ ಮತ್ತು ಸೌಮ್ಯತೆ.

ಕಣ್ಣು ಮುಚ್ಚಿ ಪ್ರಾರ್ಥಿಸೋಣ. ಕರ್ತನೇ, ನಮ್ಮ ನಾಲಿಗೆಗೂ ಬೆರಳಿಗೂ ಕಾವಲಾಗಿರು. ಆಮೆನ್.