ಕಡಿದು ಕಟ್ಟಿದ ಊರು

ಚೆನ್ನೈನಲ್ಲಿ ಯಾರಾದರೂ ಊರು ಕೇಳಿದರೆ ದಾಂಡೇಲಿ ಅನ್ನುತ್ತೇನೆ. 'ಓ, ಕಾಳಿ ನದಿ, ರಾಫ್ಟಿಂಗು, ಕಾಡು!' ಅಂತಾರೆ. ಕಾಡು ನಮ್ಮಪ್ಪನ ಆಸ್ತಿ ಅನ್ನೋ ಹಾಗೆ ನಾನೂ ಬೀಗುತ್ತೇನೆ. ಆದರೆ ನಮ್ಮೂರು ಕಾಡು ಉಳಿಸಿ ಆದದ್ದಲ್ಲ, ಕಡಿದು ಆದದ್ದು. ಮೊದಲು ತೇಗ, ಆಮೇಲೆ ಬಿದಿರು. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಹುಟ್ಟಿತು. ಕೆಲಸ ಹುಡುಕಿಕೊಂಡು ಎಲ್ಲೆಲ್ಲಿಂದಲೋ ಜನ ಬಂದರು. ಗದಗ ಕಡೆಯಿಂದ ನಮ್ಮಪ್ಪನೂ. ಊರು ಬೆಳೆದರೂ ಬಹಳ ವರ್ಷ ಹಳಿಯಾಳ ತಾಲ್ಲೂಕಿಗೇ ಸೇರಿತ್ತು. ತಾನೇ ತಾಲ್ಲೂಕು ಕೇಂದ್ರವಾದದ್ದು 2018ರಲ್ಲಿ.

ಒಂದು ಅಂಕಿ ಮಾತ್ರ ನನ್ನನ್ನು ಬಿಡುವುದಿಲ್ಲ. ವಿಜ್ಞಾನಿ ಮಾಧವ ಗಾಡ್ಗೀಳ್ ಬರೆದಿರುವಂತೆ, ಸರ್ಕಾರ ಮಿಲ್ಲಿಗೆ ಬಿದಿರು ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಗೆ. ಬುಟ್ಟಿ ಹೆಣೆಯುವ ಮೇದಾರರು ಅದೇ ಬಿದಿರನ್ನು ಪೇಟೆಯಲ್ಲಿ ನೂರಾರು ಪಟ್ಟು ಹೆಚ್ಚು ಕೊಟ್ಟು ಕೊಳ್ಳಬೇಕಿತ್ತು. 1970ರ ದಶಕದ ಹೊತ್ತಿಗೆ ಬಿದಿರೇ ತೀರುತ್ತಿದೆ ಅಂತ ಅವರು ಸರ್ಕಾರಕ್ಕೆ ದೂರು ಒಯ್ದರು. ಅಪ್ಪ ಯಾರದನ್ನೂ ಕದಿಯಲಿಲ್ಲ, ಪಾಳಿಯ ಮೇಲೆ ಪಾಳಿ ದುಡಿದರು. ಆದರೂ ನನ್ನ ಶಾಲೆ ಫೀಜು ಹುಟ್ಟಿದ್ದು ಆ ಒಂದೂವರೆ ರೂಪಾಯಿಯಲ್ಲೇ ಅಲ್ಲವೇ?

ಬೇರೆ ದಾರಿ ಇರಲಿಲ್ಲ ಅನ್ನೋಣ ಅಂದರೆ, ಇಲ್ಲಿ ಗಿಂಡಿಯಲ್ಲಿ ತಮಿಳುನಾಡು ಸರ್ಕಾರದ ಕಾಗದ ಕಂಪನಿಯ ಕಚೇರಿ ಇದೆ. ಹಿಂಡಿದ ಕಬ್ಬಿನ ಸಿಪ್ಪೆಯಿಂದ ಕಾಗದ ಮಾಡಲೆಂದೇ 1979ರಲ್ಲಿ ಹುಟ್ಟಿದ್ದು. (ಅವರೂ ಮರ ಮುಟ್ಟದವರೇನಲ್ಲ, ಇರಲಿ.)

ಊರಲ್ಲೇ ಉಳಿದ ಗೆಳೆಯನಿಗೆ ಫೋನಿನಲ್ಲಿ, 'ಇನ್ನ ಆ ರೆಸಾರ್ಟು, ರಸ್ತೆ ಬ್ಯಾಡೋ ಮಾರಾಯಾ' ಅಂದೆ.

'ಎಸಿಯೊಳಗ ಕುಂತು ಕಾಡು ಕಾಯಾಂವ ನೀ! ಪ್ಲೈವುಡ್ ಫ್ಯಾಕ್ಟರಿ ಮುಚ್ತು, ಫೆರೋ ಫ್ಯಾಕ್ಟರಿ ಮುಚ್ತು. ನನ್ನ ಮಗಗ ಕೆಲಸ ಎಲ್ಲೈತಿ? ನಿನ್ನ ಚೆನ್ನೈಗೆ ಕಳಸ್ಲೇನು?'

ಅವನ ಮಾತು ಒಪ್ಪುತ್ತೇನೆ. ವರ್ಷಕ್ಕೆ ನಾಲ್ಕು ದಿನ ಹಸಿರು ನೋಡಲು ಹೋಗುವವನ ಕಾಡುಪ್ರೀತಿಗೆ ಖರ್ಚಿಲ್ಲ. ಊರು ಹೀಗೇ ಇರಲಿ ಅನ್ನುವ ಹಕ್ಕು, ಬಿಟ್ಟು ಬಂದವನಿಗೆ ಕಮ್ಮಿಯೇ. ಆದರೆ ಹಕ್ಕು ಕಮ್ಮಿಯಾಯಿತೆಂದು ಋಣವೂ ಕಮ್ಮಿಯಾಗುತ್ತದೆಯೇ? ಅದನ್ನು ನಾನು ಒಪ್ಪಲಾರೆ. ಆ ಋಣ ಕಾಡಿಗೆ ಮಾತ್ರ ಆಗಿದ್ದರೆ ಗಿಡ ನೆಡುವ ಸಂಘಕ್ಕೆ ಚಂದಾ ಕಳಿಸಿ ಹಾಯಾಗಿರಬಹುದಿತ್ತು. ಬಿದಿರು ಮತ್ತೆ ಚಿಗುರುತ್ತದೆ. ಬುಟ್ಟಿ ಬಿಟ್ಟು ಕೂಲಿಗೆ ಇಳಿದ ಮನೆಗಳಿಗೆ ಏನು ಕಳಿಸೋದು, ಯಾರ ವಿಳಾಸಕ್ಕೆ?

ಗೆಳೆಯನಿಗೆ ಇದನ್ನೂ ಹೇಳಿದೆ. 'ಅವರ ಹುಡುಗ್ರೂ ಊರು ಬಿಟ್ಟಾರಪಾ' ಅಂದ. ಎಲ್ಲಿಗೆ ಅಂತ ಕೇಳಿದೆ. ಅವನಿಗೂ ಗೊತ್ತಿರಲಿಲ್ಲ.